ಸರಸ್ವತಕ್ಕನ ಜಬಾಬು

ತಾಲೂಕು ಕಚೇರಿಯಲ್ಲಿ ಪಿಂಚಣಿಯ ಟೇಬಲ್ಲು ಎಂದರೆ ಯಾರಿಗೂ ಬೇಡವಾದ ಟೇಬಲ್ಲು. ಜಮೀನಿನ ಟೇಬಲ್ಲಿಗೆ ಬರುವವರು ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಗತ್ತಿನಿಂದ ಬಂದು, ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಪಿಂಚಣಿಯ ಟೇಬಲ್ಲಿಗೆ ಬರುವವರು ಬಾಗಿಲಿಗೆ ಮುಟ್ಟುವ ಮೊದಲೇ ಸುಸ್ತಾಗಿರುತ್ತಾರೆ. ವೃದ್ಧಾಪ್ಯ ವೇತನ, ವಿಧವಾ ವೇತನ, ಅಂಗವಿಕಲ ವೇತನ, ಈ ಮೂರರ ಕಡತಗಳು ನನ್ನ ಪಾಲಿಗೆ ಬಂದವು. ವರ್ಗವಾಗಿ ಹೋದಲ್ಲೆಲ್ಲ ಅವೇ ಬಂದವು. ಇಲಾಖೆಗೆ ಈಚೆಗೆ ಸೇರಿದ ಕೆಲವರು ಸಿಕ್ಕಾಗ ‘ಆ ಸೆಕ್ಷನ್ ಹೇಗಿರುತ್ತದೆ ಸರ್’ ಎಂದು ಕೇಳುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೇಳಿ ಮುಗಿಸುವ ವಿಷಯ ಅದಲ್ಲ, ಹಾಗಾಗಿ ಕುಳಿತು ಬರೆಯುತ್ತಿದ್ದೇನೆ.

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳೊಳಗೇ ನನ್ನ ನೌಕರಿ ಮುಗಿಯಿತು. ಬಡ್ತಿಯೂ ಬಂತು, ಬಂದದ್ದು ನನಗೇ ತಡವಾಗಿ ಗೊತ್ತಾಯಿತು. ಅದರ ವಿಷಯ ಇಷ್ಟು ಸಾಕು. ತಪ್ಪು ನಡೆದ ಪ್ರಸಂಗಗಳಲ್ಲಿ ಊರಿನ ಹೆಸರನ್ನಾಗಲಿ ಕಚೇರಿಯ ಹೆಸರನ್ನಾಗಲಿ ನಾನು ಹಾಕುವುದಿಲ್ಲ. ಮೂರರಲ್ಲಿ ಒಂದು ಎಂದು ತಿಳಿದುಕೊಂಡರೆ ಆಯಿತು. ಯಾವುದು ಎಂದು ಪತ್ತೆ ಹಚ್ಚಲು ಹೊರಡುವವರಿಗೆ ಬೇರೆ ಕೆಲಸವಿಲ್ಲವೆಂದು ನಾನು ಭಾವಿಸುತ್ತೇನೆ.

ಕೆಲಸ ಕಲಿತದ್ದು ಭಟ್ಕಳದಲ್ಲಿ, ಇಸ್ಮಾಯಿಲ್ ಸಾಹೇಬರು ಎಂಬ ಶಿರಸ್ತೇದಾರರ ಕೈಕೆಳಗೆ. ಮನೆಯಲ್ಲಿ ನವಾಯತಿ, ಪೇಟೆಯಲ್ಲಿ ಉರ್ದು, ಮೀನು ಕೊಳ್ಳುವಾಗ ಕೊಂಕಣಿ, ಕಚೇರಿಯಲ್ಲಿ ಕನ್ನಡ. ಯಾವುದರಲ್ಲೂ ತಡವರಿಸದ ಮನುಷ್ಯ. ಅರ್ಜಿದಾರರ ಹೇಳಿಕೆಗೆ ಆಗಿನ ಹಳಬರು ಜಬಾಬು ಎನ್ನುತ್ತಿದ್ದರು. ನಾನು ಮೊದಲ ಸಲ ಬರೆದ ಜಬಾಬನ್ನು ಅವರು ಓದಿ, ಕನ್ನಡಕ ತೆಗೆದು, ಮೇಜಿನ ಮೇಲಿಟ್ಟರು.

“ಹೆಗಡೇರೇ, ಈ ಮುದುಕಿ ‘ಪ್ರಸ್ತುತ ನಿರಾಶ್ರಿತಳಾಗಿರುತ್ತೇನೆ’ ಅಂದ್ಳಾ?”

“ಇಲ್ಲ ಸರ್. ‘ಯಾರ ಬಾಗ್ಲಿಗೆ ಹೋಗೂದು ಹೇಳಿ’ ಅಂದ್ಳು.”

“ಹಂಗೇ ಬರೀರಿ. ಅವ್ರ ಮಾತು ಅವ್ರದ್ದೇ ಬಾಯಲ್ಲಿ ಇರ್ಲಿ. ನಿಮ್ಮ ಕನ್ನಡ ಚಂದ ಇರ್ಬಹುದು, ಆದ್ರೆ ಪಿಂಚಣಿ ಬೇಕಾದದ್ದು ನಿಮಗಲ್ಲ.”

ತಾವು ಹಿಂದೆ ಇದ್ದ ಯಾವುದೋ ಕಚೇರಿಯ ಸಂಗತಿಯೊಂದನ್ನು ಅವರು ಆಗಾಗ ಹೇಳುತ್ತಿದ್ದರು. ಮೀನುಗಾರರ ಹೆಂಗಸೊಬ್ಬಳು ಗಂಡನ ವಿಷಯ ಕೇಳಿದಾಗ ‘ಕಡಲಿಗೆ ಹೋದವ ಹೋದ’ ಎಂದಳಂತೆ. ಗುಮಾಸ್ತ ಅದನ್ನು ತಿದ್ದಿ ತೀಡಿ ‘ಪತಿಯು ಮೀನುಗಾರಿಕೆಗೆ ತೆರಳಿರುತ್ತಾರೆ’ ಎಂದು ಬರೆದ. ವಿಧವಾ ವೇತನದ ಅರ್ಜಿ ವಜಾ ಆಯಿತು. ಗಂಡ ಕಡಲಿನಿಂದ ಬಾರದೆ ವರ್ಷಗಳಾಗಿದ್ದವು. ಇಸ್ಮಾಯಿಲ್ ಸಾಹೇಬರು ಇದನ್ನು ಹೇಳುವಾಗ ನಗುತ್ತಿರಲಿಲ್ಲ, ನಾವೂ ನಗುತ್ತಿರಲಿಲ್ಲ.

ಎಲ್ಲ ಮೇಲಧಿಕಾರಿಗಳೂ ಹಾಗಿರುವುದಿಲ್ಲ. ಇನ್ನೊಂದು ಕಡೆ ಸಿಕ್ಕ ತಹಶೀಲ್ದಾರರಿಗೆ ಲೋಕದಲ್ಲಿ ಎಲ್ಲರೂ ನಾಟಕದವರೇ ಎಂದು ಗಟ್ಟಿ ನಂಬಿಕೆ. ಕಾಲಿಲ್ಲದವರ ಕಾಲನ್ನೂ ಒಮ್ಮೆ ಮುಟ್ಟಿ ನೋಡುವವರು. ದೋಣಿ ಕಟ್ಟುವ ಕೆಲಸದ ಒಬ್ಬ ಕಿವುಡ ಬಂದಾಗ, ಅವನನ್ನು ನಮ್ಮೆಲ್ಲರ ಎದುರಿಗೆ ನಿಲ್ಲಿಸಿ, ತಾವು ಅವನ ಬೆನ್ನ ಹಿಂದೆ ಹೋಗಿ, ಕೀಲಿಕೈ ಗೊಂಚಲನ್ನು ದೊಪ್ಪನೆ ನೆಲಕ್ಕೆ ಬಿಟ್ಟರು. ಅವನು ತಿರುಗಿ ನೋಡಿದ. ‘ನೋಡಿದಿರಾ’ ಎಂದು ಸಾಹೇಬರು ಗೆದ್ದ ಮುಖ ಮಾಡಿದರು. ಕೀಲಿಕೈ ಬಿದ್ದದ್ದು ಅವನಿಗೆ ಕೇಳಿಸಿರಲಿಲ್ಲ. ಎದುರಿಗಿದ್ದ ನಮ್ಮೆಲ್ಲರ ಕಣ್ಣು ಒಟ್ಟಿಗೆ ಅವನ ಬೆನ್ನ ಹಿಂದಿನ ನೆಲಕ್ಕೆ ಹೋದದ್ದು ಅವನಿಗೆ ಕಂಡಿತ್ತು. ಸಾಹೇಬರಿಗೆ ಇದನ್ನು ಹೇಳಿದೆ. ‘ನಿಮಗೆ ಮೃದು ಮನಸ್ಸು’ ಎಂದರು. ನನ್ನ ಮನೆಯವರು ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಆ ಮನುಷ್ಯನಿಗೆ ವೇತನ ಮಂಜೂರಾದದ್ದು ಮುಂದಿನ ತಹಶೀಲ್ದಾರರು ಬಂದ ಮೇಲೆ.

ಆಮೇಲೆ ಕಂಪ್ಯೂಟರ್ ಬಂತು, ಅದರ ಹಿಂದೆ ಮೊಬೈಲ್ ಆ್ಯಪ್ ಬಂತು. ಒಳ್ಳೆಯದೇ ಆಯಿತು. ಹಿರೇಗುತ್ತಿಯಂಥ ಹಳ್ಳಿಯವರು ಒಂದು ಕಾಗದಕ್ಕಾಗಿ ದಿನವಿಡೀ ಕೆಲಸ ಬಿಟ್ಟು ಕುಮಟೆಗೆ ಬರುವುದು ತಪ್ಪಿತು. ಹಣ ನೇರ ಬ್ಯಾಂಕಿಗೆ ಹೋಗುವುದರಿಂದ ನಡುವೆ ಕೈ ಚಾಚುವವರಿಗೆ ತಾವಿಲ್ಲದಂತಾಯಿತು. ಆದರೆ ಜಬಾಬು ಹೋಯಿತು. ಈಗ ಗ್ರಾಮ ಆಡಳಿತಾಧಿಕಾರಿ ಮನೆ ಬಾಗಿಲಿಗೆ ಹೋಗಿ, ಪ್ರಶ್ನೆ ಕೇಳಿ, ಉತ್ತರ ‘ಇದೆ’ಯೋ ‘ಇಲ್ಲ’ವೋ ನೋಡಿ ಬೆರಳಿನಿಂದ ಒತ್ತುತ್ತಾನೆ. ಆ ಮನೆಯವರು ನಿಜವಾಗಿ ಏನಂದರು ಎಂಬುದು ಎಲ್ಲಿಯೂ ಉಳಿಯುವುದಿಲ್ಲ. ಇದರಿಂದ ಏನಾಗಬಹುದು ಎಂಬುದು ನನಗೆ ನನ್ನ ಸಂಬಂಧಿಕರ ಅರ್ಜಿಯಿಂದಲೇ ಗೊತ್ತಾಯಿತು.

ಸರಸ್ವತಕ್ಕ ನನ್ನ ದೊಡ್ಡಮ್ಮನ ಮಗಳು. ನಾನಿದ್ದ ಕಚೇರಿಯ ಪಕ್ಕದ ತಾಲೂಕಿನಲ್ಲಿ, ಸಮುದ್ರದ ಸಪ್ಪಳ ಕೇಳುವಷ್ಟು ಹತ್ತಿರದ ಒಂದು ಕೇರಿಯಲ್ಲಿ ಅವಳ ಮನೆ. ಗಂಡ ಮದುವೆ ಮುಂಜಿಗಳ ಅಡುಗೆಗೆ ಹೋಗುತ್ತಿದ್ದವರು, ತೀರಿಕೊಂಡಿದ್ದರು. ಅವಳು ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುತ್ತಿದ್ದಳು. ಒಬ್ಬನೇ ಮಗ, ಗಜಾನನ. ಗಜಾನನನಿಗೆ ಮೈಯಲ್ಲಿ ಇಬ್ಬರ ಬಲವಿದೆ. ಬುದ್ಧಿ ಮಾತ್ರ ಸಣ್ಣ ಮಗುವಿನಷ್ಟಕ್ಕೇ ನಿಂತುಬಿಟ್ಟಿದೆ. ಮಾತು ನಿಧಾನ. ಯಾವ ಶಬ್ದವನ್ನಾದರೂ ಬಾವಿಯಿಂದ ಕೊಡ ಎಳೆದಂತೆ ಎಳೆದೇ ಹೇಳುತ್ತಾನೆ.

ಅವನನ್ನು ದೂರದಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ತೆಂಗಿನ ಮಡಲಿನ ಹೊರೆ ಹೊತ್ತು ನೆಟ್ಟಗೆ ನಡೆದು ಬರುತ್ತಾನೆ. ಹೊರೆಯನ್ನು ಇಳಿಸು ಎಂದು ಯಾರಾದರೂ ಹೇಳಬೇಕು, ಹೇಳುವವರೆಗೂ ಹೊತ್ತುಕೊಂಡೇ ನಿಂತಿರುತ್ತಾನೆ. ಒಮ್ಮೆ ಸರಸ್ವತಕ್ಕ ಅವನ ಕೈಗೆ ಅಕ್ಕಿ ಚೀಲ ಕೊಟ್ಟು, ಬಾಗಿಲಿಗೆ ಬಂದ ಯಾರೊಂದಿಗೋ ಮಾತಿಗೆ ನಿಂತು ಮರೆತಿದ್ದಳು. ಮಾತು ಮುಗಿಸಿ ಒಳಗೆ ಬಂದರೆ ಅವನು ಅಡುಗೆಮನೆಯ ನಡುವೆ ಚೀಲ ಹಿಡಿದು ಬೆವರುತ್ತಾ ನಿಂತಿದ್ದ. ವೈದ್ಯರ ಮಂಡಳಿ ಅವನನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟಿತ್ತು. ಸರಸ್ವತಕ್ಕ ಅದನ್ನಿಟ್ಟು ಅಂಗವಿಕಲ ವೇತನಕ್ಕೆ ಅರ್ಜಿ ಹಾಕಿದಳು.

“ದುಡ್ಡು ಎಷ್ಟು ಬತ್ತು ಹೇಳಿ ಅಲ್ಲ ತಮ್ಮಾ,” ಎಂದು ನನ್ನ ಹತ್ತಿರ ಹೇಳಿದ್ದಳು. “ಆನು ಇಪ್ಪಷ್ಟು ದಿನ ಅವಂಗೆ ಕೊರತೆ ಇಲ್ಲೆ. ಆನು ಹೋದ ಮೇಲೆ ಅವ ಯಾರ ಮನೆ ಜಗಲಿ ಮೇಲೆ ಕೂತ್ರೂ, ಅವಂದು ಹೇಳಿ ಒಂದು ಬತ್ತು ಹೇಳಿ ಇರಕು. ಬಿಟ್ಟಿ ಕೂಳಿನವ ಹೇಳಿ ಯಾರೂ ಹೇಳುಲಾಗ.” ತನ್ನ ಕಾಲದ ನಂತರವೂ ಮಗನಿಗೆ ಅವನದ್ದೇ ಎಂದು ಒಂದಿಷ್ಟು ಬರುತ್ತಿರಬೇಕು ಎಂಬುದಷ್ಟೇ ಅವಳ ಆಸೆ.

ನಾನು ಆ ಕಚೇರಿಯವರಿಗೆ ಒಂದು ಮಾತು ಹೇಳಬಹುದಿತ್ತು. ಹೇಳುವುದಿಲ್ಲ, ಅದರ ಪಾಡಿಗೆ ಅದು ಆಗುತ್ತದೆ ಎಂದೆ. ಪ್ರಮಾಣಪತ್ರವಿದೆ, ಆದಾಯವಿಲ್ಲ, ಇನ್ನೇನು ಬೇಕು ಎಂಬ ಧೈರ್ಯ ನನ್ನದು. ಕೆಲವು ವಾರಗಳ ಮೇಲೆ ಅವಳ ಫೋನು ಬಂತು.

“ತಮ್ಮಾ, ಅದರ ಪಾಡಿಗೆ ಆತು ನೋಡು.”

ಅರ್ಜಿ ತಿರಸ್ಕೃತ. ಅರ್ಜಿದಾರನು ಸ್ಥಳೀಯವಾಗಿ ಕೆಲಸಕ್ಕೆ ಹೋಗಿ ದುಡಿಯುತ್ತಿರುವುದು ಸ್ಥಳ ವಿಚಾರಣೆಯಿಂದ ತಿಳಿದುಬಂದಿದೆ ಎಂದು ಕಾರಣ. ನಾನು ಎಷ್ಟೋ ಸಲ ಬೇರೆಯವರಿಗೆ ಟೈಪು ಮಾಡಿ ಕಳಿಸಿದ ವಾಕ್ಯ ಅದು. ನಮ್ಮದೇ ಮನೆಗೆ ಬಂದಾಗ ಓದಲು ಬೇರೆಯೇ ಆಗಿ ಕಂಡಿತು.

ಅವಳ ಮನೆಗೆ ಹೋಗಿ, ವಿಚಾರಣೆಗೆ ಬಂದದ್ದು ಯಾರು ಎಂದು ಕೇಳಿದೆ. ಹೊಸ ಗ್ರಾಮ ಆಡಳಿತಾಧಿಕಾರಿ, ಮಲ್ಲಿಕಾರ್ಜುನ ಎಂಬ ವಿಜಯಪುರ ಕಡೆಯ ಹುಡುಗ, ನೌಕರಿ ಸೇರಿ ಇಲ್ಲಿಗೆ ಬಂದು ವಾರವೂ ಆಗಿರಲಿಲ್ಲ. “ಪಾಪ, ಒಳ್ಳೆ ಮಾಣಿ. ಎರಡು ಮಾತು ಕೇಳ್ದ. ಇದ್ದದ್ದು ಇದ್ದಾಂಗೆ ಹೇಳ್ದೆ. ಮಜ್ಜಿಗೆ ಕುಡದು ಹೋದ,” ಎಂದಳು. ಹಾಗಾದರೆ ಗಜಾನನ ದುಡಿಯುತ್ತಾನೆ ಎಂದು ಹೇಳಿದವರು ಯಾರು? ಸರಸ್ವತಕ್ಕ ಬೇಲಿಯ ಆಚೆ ನೋಡಿದಳು.

ಬೇಲಿಯ ಆಚೆ ಮಾದೇವಿಯ ಮನೆ. ಬಸಳೆ, ಹರಿವೆ ಬೆಳೆದು ಬುಟ್ಟಿಯಲ್ಲಿ ಪೇಟೆಗೆ ಒಯ್ಯುವ ಹೆಂಗಸು. ಗಜಾನನ ದಿನಾ ಬೆಳಿಗ್ಗೆ ಅವಳ ಬುಟ್ಟಿಯನ್ನು ರಸ್ತೆಯವರೆಗೆ ಹೊತ್ತುಕೊಟ್ಟು ಬರುತ್ತಿದ್ದ. ಅವಳು ಒಂದು ಬಾಳೆಹಣ್ಣು ಕೊಡುತ್ತಿದ್ದಳು. ಬಸ್ಸು ಬರುವವರೆಗೆ ಇಬ್ಬರೂ ಮೋರಿಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಇದನ್ನೇ ಅವಳು ‘ನಮ್ಮಲ್ಲಿ ಕೆಲಸಕ್ಕೆ ಬರುತ್ತಾನೆ’ ಎಂದು ಸಾಹೇಬನಿಗೆ ಹೇಳಿರಬೇಕು ಎಂದು ಸರಸ್ವತಕ್ಕ ತೀರ್ಮಾನಿಸಿದಳು. ಗಜಾನನ ಬೇಲಿ ದಾಟುವುದು ಬಂದಾಯಿತು. ಅವನು ಬೆಳಿಗ್ಗೆ ಎದ್ದು ಬೇಲಿಯ ಈಚೆ ಬಂದು ನಿಲ್ಲುತ್ತಿದ್ದ, ಅವಳು ಬುಟ್ಟಿ ಎತ್ತಿಕೊಂಡು ಹೋಗುವುದನ್ನು ನೋಡುತ್ತಿದ್ದ, ಯಾರಾದರೂ ‘ಒಳಗೆ ಬಾ’ ಎನ್ನುವವರೆಗೆ ಅಲ್ಲೇ ಇರುತ್ತಿದ್ದ. ಅದನ್ನು ಒಮ್ಮೆ ನೋಡಿ ನನಗೆ ಬೇಸರವಾಯಿತು.

ಮೇಲ್ಮನವಿ ಬರೆದವನು ನಾನೇ. ಅದು ನನಗೆ ಅಪರಿಚಿತ ಕೆಲಸವಲ್ಲ. ಬಂದ ಮೇಲ್ಮನವಿಗಳಿಗೆ ಕಚೇರಿಯ ಪರವಾಗಿ ಉತ್ತರ ಬರೆಯುವುದೇ ನನ್ನ ಕೆಲಸವಾಗಿತ್ತು. ಯಾವ ಮಾತಿಗೆ ಕಚೇರಿ ಯಾವ ಉತ್ತರ ಕೊಡುತ್ತದೆ ಎಂದು ಗೊತ್ತಿದ್ದರಿಂದ ಒಂದೊಂದೇ ಮುಚ್ಚಿಕೊಂಡು ಬಂದೆ. ಪ್ರಮಾಣಪತ್ರದ ಬಲವೊಂದೇ ಸಾಕು, ಆದರೂ ನೆರೆಯವರ ಒಂದು ಹೇಳಿಕೆ ಇದ್ದರೆ ಗಟ್ಟಿ ಎನಿಸಿತು. ಸರಸ್ವತಕ್ಕನಿಗೆ ತಿಳಿಸದೆ ಮಾದೇವಿಯನ್ನು ಕಾಣಲು ಹೋದೆ.

ಅವಳು ಬಸಳೆ ಸೂಡು ಕಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಆ ಸಾಹೇಬ್ರು ನಮ್ಮನೆ ಬದಿಗೇ ಬರ್ಲಿಲ್ಲ ಹೆಗಡೇರೇ. ನಾ ಎಂತ ಹೇಳೂದು?”

“ಅಕ್ಕ ನಿನ್ನ ಮೇಲೆ ಅನುಮಾನ ಮಾಡಿದ್ದಾಳೆ.”

“ಗೊತ್ತಿತ್ತು. ಬಾಯಿ ಬಿಟ್ಟು ಕೇಳಿದ್ರೆ ಹೇಳ್ತಿದ್ದೆ. ಕೇಳ್ಲಿಲ್ಲ.” ಸೂಡನ್ನು ಬುಟ್ಟಿಗೆ ಹಾಕಿದಳು. “ಬುಟ್ಟಿ ಎತ್ತುಕೆ ಯಾರಾರೂ ಸಿಗ್ತ್ರು. ಪಕ್ಕಕ್ಕೆ ಕೂತು ಬಾಳೆಹಣ್ಣು ತಿಂಬುಕೆ ಯಾರು ಸಿಗ್ತ್ರು, ಹೇಳಿ.”

ಬೇಕಾದರೆ ಬಂದು ಸಾಕ್ಷಿ ಹೇಳುತ್ತೇನೆ ಎಂದಳು. ಸರಸ್ವತಕ್ಕ ಒಪ್ಪಲಿಲ್ಲ. ಅವಳನ್ನು ಕರೆದುಕೊಂಡು ಬಂದರೆ ತಾನು ಬರುವುದಿಲ್ಲ ಎಂದು ಹಟ ಹಿಡಿದಳು. ನಮ್ಮ ಕಡೆಯ ಹೆಂಗಸರ ಹಟದ ಎದುರು ಯಾವ ಕಾನೂನೂ ನಡೆಯುವುದಿಲ್ಲ, ಬಿಟ್ಟೆ.

ಮೇಲ್ಮನವಿ ಉಪವಿಭಾಗಾಧಿಕಾರಿಗಳ ಮುಂದೆ. ನಾನು ಸರ್ಕಾರಿ ನೌಕರನಾದ್ದರಿಂದ ಅವಳ ಪರವಾಗಿ ವಾದ ಮಾಡುವಂತಿಲ್ಲ. ರಜೆ ಹಾಕಿ, ಸಂಬಂಧಿಕನಾಗಿ ಜೊತೆಗೆ ಹೋದೆ. ಹೊರಗಿನ ಬೆಂಚಿನ ಮೇಲೆ ಕೂತೆವು. ಅಷ್ಟು ವರ್ಷ ಬೆಂಚಿನ ಎದುರಿನ ಕುರ್ಚಿಯಲ್ಲಿ ಕೂತವನಿಗೆ ಬೆಂಚು ಇಷ್ಟು ಅಗಲ ಕಡಿಮೆ ಎಂದು ಗೊತ್ತಿರಲಿಲ್ಲ. ಗಜಾನನ ನಮ್ಮಿಬ್ಬರ ನಡುವೆ ಕೂತು ಫ್ಯಾನು ತಿರುಗುವುದನ್ನು ನೋಡುತ್ತಿದ್ದ. ನಮ್ಮ ಎದುರಿನ ಗೋಡೆಗೆ ಒರಗಿ ಮಲ್ಲಿಕಾರ್ಜುನ ನಿಂತಿದ್ದ. ವಿಚಾರಣೆ ಮಾಡಿದವನಾದ್ದರಿಂದ ಅವನನ್ನೂ ಕರೆಸಿದ್ದರು. ಸರಸ್ವತಕ್ಕ ಅವನಿಗೆ ‘ಊಟ ಆತಾ’ ಎಂದು ಕೇಳಿದಳು. ಅವನು ತಲೆ ತಗ್ಗಿಸಿ ‘ಹೂಂ ರೀ’ ಎಂದ.

ನಾನು ಅವಳಿಗೆ ಕಚೇರಿಯವರು ಎಲ್ಲರಿಗೂ ಹೇಳುವ ಬುದ್ಧಿವಾದವನ್ನೇ ಹೇಳಿದೆ. “ಅಕ್ಕಾ, ಕೇಳಿದಷ್ಟಕ್ಕೇ ಹೇಳು. ಉದ್ದ ಮಾಡಡ.”

“ಆತು,” ಎಂದಳು.

ಎಲ್ಲರನ್ನೂ ಒಳಗೆ ಕರೆದರು. ಅಧಿಕಾರಿ ಮೈಸೂರು ಕಡೆಯ ಹೆಣ್ಣುಮಗಳು, ವಯಸ್ಸು ಸಣ್ಣದು, ಕಡತವನ್ನು ಓದಿಕೊಂಡೇ ಕೂತಿದ್ದರು. ಮೊದಲು ಗಜಾನನನ ಹೆಸರು ಕೇಳಿದರು. ಅವನು ಎಳೆದೆಳೆದು ಹೇಳಿ ಮುಗಿಸುವವರೆಗೆ ಕಾದರು. ಪ್ರಮಾಣಪತ್ರ ನೋಡಿದರು. ಆಮೇಲೆ ಪೆನ್ನು ಕೆಳಗಿಟ್ಟು ಸರಸ್ವತಕ್ಕನ ಕಡೆ ತಿರುಗಿದರು.

“ಅಮ್ಮಾ, ನೀವು ತಾಯಿ. ನಿಜ ಹೇಳಿ. ನಿಮ್ಮ ಮಗ ಕೆಲಸಕ್ಕೆ ಹೋಗ್ತಾನಾ?”

“ಇಲ್ಲೆ.”

“ಇಲ್ಲೇ ಅಂದ್ರೆ? ಊರಲ್ಲೇನಾ?”

“ಊರಲ್ಲೂ ಇಲ್ಲೆ.”

“ಮತ್ತೆ ಎಲ್ಲಿ?”

“ಎಲ್ಲೂ ಇಲ್ಲೆ,” ಎಂದಳು ಸರಸ್ವತಕ್ಕ, ಇಷ್ಟು ಸರಳವಾದದ್ದು ಈ ಓದಿದ ಹುಡುಗಿಗೆ ಯಾಕೆ ತಿಳಿಯುವುದಿಲ್ಲ ಎಂಬ ಮುಖ ಮಾಡಿಕೊಂಡು.

ಅಧಿಕಾರಿ ಪೆನ್ನು ಎತ್ತಿಕೊಂಡರು. ಅವಳ ಮಾತು ಅವರ ಕಿವಿಗೆ ಹೇಗೆ ಬಿದ್ದಿರಬಹುದು ಎಂಬುದು ಆ ಗಳಿಗೆಗೆ ನನಗೆ ಹೊಳೆಯಿತು. ನಮ್ಮ ಹವ್ಯಕರ ಮನೆಮಾತಿನಲ್ಲಿ ‘ಇಲ್ಲ’ ಎನ್ನುವುದಕ್ಕೆ ‘ಇಲ್ಲೆ’ ಎನ್ನುತ್ತೇವೆ. ಹೊರಗಿನವರ ಹತ್ತಿರ ಮಾತಾಡುವಾಗ ನಾವೆಲ್ಲ ಪೇಟೆಯ ಕನ್ನಡಕ್ಕೆ ಹೊರಳುತ್ತೇವೆ. ಸರಸ್ವತಕ್ಕ ಹಾಗೆ ಹೊರಳಿದವಳೇ ಅಲ್ಲ. ಹುಟ್ಟಿದಾಗಿನಿಂದ ಕೇಳುತ್ತ ಬಂದ ಶಬ್ದ ಬೇರೆಯವರಿಗೆ ಬೇರೆ ಅರ್ಥ ಕೊಡಬಹುದು ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಮೇಲಾಗಿ ಉದ್ದ ಮಾಡಬೇಡ ಎಂದು ಹೇಳಿದವನು ನಾನೇ. ಏಳಬೇಕು, ಹೇಳಬೇಕು, ಆದರೆ ನನಗೆ ಅಲ್ಲಿ ಮಾತಾಡುವ ಹಕ್ಕಿಲ್ಲ ಎಂದು ಇನ್ನೂ ಯೋಚಿಸುತ್ತಿದ್ದೆ. ಅಷ್ಟರಲ್ಲಿ ನನ್ನ ಹಿಂದಿನಿಂದ ಬೇರೆ ಧ್ವನಿ ಬಂತು.

“ಮೇಡಂ, ಒಂದ್ ನಿಮಿಷ ರೀ.”

ಮಲ್ಲಿಕಾರ್ಜುನ ಮುಂದೆ ಬಂದಿದ್ದ. ಮುಖ ಬೆಳ್ಳಗಾಗಿತ್ತು.

“ಅವ್ರು ಇಲ್ಲೇ ಅನ್ನಾಕತ್ತಿಲ್ರೀ. ಇಲ್ಲ ಅನ್ನಾಕತ್ತಾರ.”

ಅಧಿಕಾರಿ ಅವನನ್ನು, ಆಮೇಲೆ ಸರಸ್ವತಕ್ಕನನ್ನು ನೋಡಿದರು. ಅವನು ನಿಲ್ಲಿಸದೆ ಹೇಳಿದ. ತಾನು ವಿಚಾರಣೆಗೆ ಹೋದಾಗ ಹೊಸಬ. ಮಗ ಕೆಲಸಕ್ಕೆ ಹೋಗುತ್ತಾನೇನು ಎಂದು ಕೇಳಿದ್ದ, ‘ಇಲ್ಲೆ’ ಎಂದಿದ್ದರು. ಇಲ್ಲೇ ಹತ್ತಿರದಲ್ಲಿ ಹೋಗುತ್ತಾನೆ ಎಂದು ತಿಳಿದುಕೊಂಡಿದ್ದ. ಅದೇ ಹೊತ್ತಿಗೆ ಗಜಾನನ ಮಡಲಿನ ಹೊರೆ ಹೊತ್ತು ಅಂಗಳಕ್ಕೆ ಬಂದ. ಇನ್ನು ಅನುಮಾನವೇ ಉಳಿಯಲಿಲ್ಲ, ಒತ್ತಿಬಿಟ್ಟ. ಆಮೇಲೆ ಅವನು ಬಾಡಿಗೆಗೆ ಹಿಡಿದದ್ದೂ ಹವ್ಯಕರ ಮನೆಯೇ.

“ನಳದಾಗ ನೀರು ಬಂತೇನ್ರಿ ಅಂತ ಕೇಳಿದ್ರ ಆ ಮನಿ ಅಮ್ಮಾರು ‘ಇಲ್ಲೆ’ ಅಂತಿದ್ರು. ನಾ ಕೊಡ ತಗೊಂಡು ‘ಇಲ್ಲೇ’ ಎಲ್ಲಿ ಅಂತ ಹಿತ್ತಲ ತುಂಬ ಹುಡುಕ್ಯಾಡೀನ್ರಿ. ಆಮ್ಯಾಲ ಗೊತ್ತಾತು. ಗೊತ್ತಾದ್ರೂ ಈ ಅಜ್ಜಿ ಮಾತು ನೆನಪಿಗೆ ಬರ್ಲಿಲ್ರಿ. ಈಗ ಇಲ್ಲಿ ಕೇಳಿದ ಕೂಡ್ಲೇ ಬಂತು.”

ಕೋಣೆಯಲ್ಲಿದ್ದ ಸಿಬ್ಬಂದಿಯಲ್ಲಿ ಒಬ್ಬರು ಕೆಮ್ಮಿದರು. ಅಧಿಕಾರಿಗೆ ನಗು ಬಂದಿತ್ತು, ತಡೆದುಕೊಂಡರು. ಒಬ್ಬ ಹೊಸ ನೌಕರ ತನ್ನ ತಪ್ಪನ್ನು ಮೇಲಿನವರ ಎದುರು, ಯಾರೂ ಕೇಳದೆ, ಎದ್ದು ಹೇಳಿದ್ದನ್ನು ನಾನು ನನ್ನ ಇಡೀ ನೌಕರಿಯಲ್ಲಿ ನೋಡಿದ್ದು ಅದೊಂದೇ. ಸುಮ್ಮನಿದ್ದಿದ್ದರೆ ಅವನ ವರದಿಯೇ ಸರಿ ಎಂದು ಎರಡನೇ ಸಲ ಸಾಬೀತಾಗುತ್ತಿತ್ತು. ಆ ಹುಡುಗನ ಮೇಲೆ ನನಗೆ ಆವತ್ತು ಹುಟ್ಟಿದ ಪ್ರೀತಿ ಈಗಲೂ ಇದೆ.

“ಅಲ್ಲಮ್ಮಾ,” ಎಂದರು ಅಧಿಕಾರಿ, “ಇಲ್ಲ ಅನ್ನೋಕೆ ‘ಇಲ್ಲೆ’ ಅಂದ್ರೆ, ಇಲ್ಲೇ ಇದ್ದಾನೆ ಅನ್ನೋಕೆ ಏನಂತೀರಿ?”

ಸರಸ್ವತಕ್ಕ ಯೋಚಿಸಿದಳು. ಇಂಥ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ.

“ಅದು ಉದ್ದ, ಇದು ಗಿಡ್ಡ. ಎಳೆದ್ರೆ ಇದ್ದ, ಎಳೆಯದಿದ್ರೆ ಇಲ್ಲೆ. ಅಷ್ಟೇಯ.”

ಆಗ ಅಧಿಕಾರಿ ನಕ್ಕೇಬಿಟ್ಟರು. ಎಲ್ಲರೂ ನಗುವುದು ನೋಡಿ ಗಜಾನನನೂ ನಕ್ಕ. ಆಮೇಲೆ ಅವರು ನಗು ನಿಲ್ಲಿಸಿ, ಪರೀಕ್ಷಿಸಲೆಂದೋ ಏನೋ, ಅವನಿಗೆ ಮೇಜಿನ ಮೇಲಿದ್ದ ಕಡತಗಳ ಕಟ್ಟನ್ನು ಎತ್ತಿ ಕೊಟ್ಟು, ತಾವು ಬರೆಯುವುದರಲ್ಲಿ ತೊಡಗಿದರು. ಬರೆದು ಮುಗಿಸಿ ತಲೆ ಎತ್ತಿದಾಗ ಅವನು ಕಟ್ಟನ್ನು ಹಿಡಿದು ಹಾಗೆಯೇ ನಿಂತಿದ್ದ. ಅದು ಪ್ರಮಾಣಪತ್ರದ ಎಲ್ಲ ಪುಟಗಳಿಗಿಂತ ಹೆಚ್ಚು ಹೇಳಿತು ಎಂದು ನನಗನಿಸಿತು. ಅವರಿಗೇನನಿಸಿತೋ, ‘ಇಳಿಸಪ್ಪಾ’ ಎಂದು ಮೆಲ್ಲಗೆ ಹೇಳಿದರು. ತಿರಸ್ಕಾರದ ಆದೇಶ ರದ್ದಾಯಿತು. ಮಲ್ಲಿಕಾರ್ಜುನನಿಗೆ ನೋಟಿಸು ಕೊಡಲಿಲ್ಲ. ಇನ್ನು ಮೇಲೆ ಒತ್ತುವ ಮೊದಲು ಇನ್ನೊಂದು ಸಲ ಬೇರೆ ಥರ ಕೇಳು ಎಂದಷ್ಟೇ ಹೇಳಿದರು.

ಹೊರಗೆ ಬಂದ ಮೇಲೆ ಸರಸ್ವತಕ್ಕ ಅವನನ್ನು ಕರೆದು ಬೈಯುತ್ತಾಳೆಂದು ಕಾದೆ. “ಮಜ್ಜಿಗೆ ಕೊಟ್ಟಾಗ ಉಪ್ಪು ಸಾಕಾ ಕೇಳಿದ್ದಕ್ಕೆ ‘ಹೂಂ’ ಹೇಳಿದ್ಯಲಾ ತಮ್ಮಾ, ಅದಾರೂ ನಿಂಗೆ ಸಮಾ ತಿಳದಿತ್ತಾ?” ಎಂದು ಕೇಳಿದಳು. ಅವನು ಆ ದಿನ ಮೊದಲ ಸಲ ನಕ್ಕ. ಬಸ್ಸಿನಲ್ಲಿ ಊರು ಹತ್ತಿರ ಬಂದಾಗ ಅವಳು “ಹಾಂಗಾರೆ ಮಾದೇವಿ ಎಂತ ಹೇಳಿದ್ದಿಲ್ಲೆ,” ಎಂದಳು. ಅವಳು ಕೇಳಿದ್ದು ನನ್ನನ್ನಲ್ಲ.

ಮರುದಿನ ಬೆಳಿಗ್ಗೆ ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ಬಾಟಲಿಯನ್ನು ಗಜಾನನನ ಕೈಗೆ ಕೊಟ್ಟು ಬೇಲಿಯ ಆಚೆ ಕಳಿಸಿದಳಂತೆ. ಕ್ಷಮೆ ಗಿಮೆ ಎಂದು ಕೇಳುವವಳಲ್ಲ. ಮಾದೇವಿ ಬಾಟಲಿ ತೆಗೆದುಕೊಂಡು, ಏನೂ ಆಗದವಳಂತೆ ಬುಟ್ಟಿ ಅವನ ತಲೆಯ ಮೇಲಿಟ್ಟಳು. ರಸ್ತೆಯ ಹತ್ತಿರ ‘ಇಳಿಸು’ ಎಂದಳು. ಬಾಳೆಹಣ್ಣು ಕೊಟ್ಟಳು.

ವೇತನ ಶುರುವಾಯಿತು. ಮೊದಲ ತಿಂಗಳ ಹಣ ಬಂದಾಗ ಸರಸ್ವತಕ್ಕ ಅವನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ, ಅವನ ಕೈಯಲ್ಲೇ ತೆಗೆಸಿ, ಅವನ ಕೈಯಲ್ಲೇ ಮನೆಯವರೆಗೆ ಹಿಡಿಸಿಕೊಂಡು ಬಂದಳು. ದಾರಿಯಲ್ಲಿ ಸಿಕ್ಕವರಿಗೆಲ್ಲ ‘ಇದು ಗಜೂಂದು’ ಎಂದು ಹೇಳಿದಳಂತೆ. ಅದನ್ನು ನನಗೆ ಹೇಳುವಾಗ ಅವಳ ಮಾತಿನಲ್ಲಿ ಹೆಮ್ಮೆ ಇದ್ದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಲ್ಲಿಕಾರ್ಜುನ ನಮ್ಮ ಮನೆಗೂ ಬಂದು ಹೋಗುವಷ್ಟು ಹತ್ತಿರದವನಾದ. ಅವನಿಗೆ ನಾನು ಇಸ್ಮಾಯಿಲ್ ಸಾಹೇಬರ ಮಾತು ಹೇಳಿದೆ. ಆ್ಯಪ್‌ನಲ್ಲಿ ಜಾಗವಿಲ್ಲದಿದ್ದರೂ ಷರಾ ಎಂದು ಒಂದು ಕಡೆ ನಾಲ್ಕು ಅಕ್ಷರಕ್ಕೆ ಎಡೆ ಇರುತ್ತದೆ; ಅಲ್ಲಿ ಜನ ಅಂದದ್ದನ್ನು ಅಂದ ಹಾಗೇ ಬರೆಯುವ ರೂಢಿ ಮಾಡಿಕೊಂಡ. ‘ಎಂತದೂ ಇಲ್ಲೆ’, ‘ಹೋದವ ಹೋದ’, ‘ಆತು ಹೋತು’, ಇಂಥವೆಲ್ಲ ಅವನ ವರದಿಗಳಲ್ಲಿ ಬರತೊಡಗಿದವು. ಮೇಲಿನವರು ಇದೇನು ಎಂದು ಕೇಳಿ ಫೋನು ಮಾಡಿದರೆ ವಿವರಿಸುತ್ತಿದ್ದ. ಹೊಸಬರಿಗೆ ನಾನು ಹೇಳಬೇಕೆಂದಿದ್ದ ಉಪದೇಶವಿದ್ದರೆ ಇಷ್ಟೇ, ಮತ್ತು ಇದೂ ನನ್ನದಲ್ಲ.

ನಾನು ನಿವೃತ್ತನಾದ ಮೇಲೆ ಸರಸ್ವತಕ್ಕ ತೀರಿಕೊಂಡಳು. ಹೆಚ್ಚು ನರಳಲಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ಗಜಾನನ ಎಲ್ಲಿರಬೇಕು ಎಂಬ ಮಾತು ಬಂತು. ಅವಳು ಅಷ್ಟು ವರ್ಷ ಹೆದರಿಕೊಂಡಿದ್ದದ್ದು ಇದೇ ಮಾತಿಗೆ. ನೆಂಟರಲ್ಲಿ ಯಾರೂ ಮುಖ ತಿರುಗಿಸಲಿಲ್ಲ. ಅವನದ್ದೆಂದು ತಿಂಗಳಿಗೊಂದು ಬರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೋ, ಅವನ ಮೇಲಿನ ಮಮತೆಗೋ, ನಾವು ನೋಡಿಕೊಳ್ಳುತ್ತೇವೆ ಎಂದು ಮುಂದೆ ಬಂದವರು ಒಬ್ಬರಿಗಿಂತ ಹೆಚ್ಚಿದ್ದರು. ಬಿಟ್ಟಿ ಕೂಳಿನವ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಕೊನೆಗೆ ನಮ್ಮ ಮನೆಗೇ ಎಂದಾಯಿತು. ಅಕ್ಕ ಗೆದ್ದಳು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಅವನ ಬಟ್ಟೆಬರೆ ಕಟ್ಟಲು ಆ ಮನೆಗೆ ಹೋದ ದಿನ, ನಾನು ಒಳಗೆ ಕಪಾಟು ಖಾಲಿ ಮಾಡುತ್ತಿದ್ದೆ. ಗಜಾನನ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ಬೈಕು ನಿಂತ ಸಪ್ಪಳವಾಯಿತು. ಮಲ್ಲಿಕಾರ್ಜುನ. ವೇತನ ಪಡೆಯುವವರು ಇದ್ದಾರೆಯೇ ಎಂದು ವರ್ಷಕ್ಕೊಮ್ಮೆ ನೋಡಿಕೊಂಡು ಹೋಗುವ ಕೆಲಸಕ್ಕೆ ಬಂದಿದ್ದ. ಅಷ್ಟು ದಿನ ತನ್ನ ಊರಿಗೆ ಹೋಗಿದ್ದವನಿಗೆ ಇಲ್ಲಿಯದು ಯಾವುದೂ ಗೊತ್ತಿರಲಿಲ್ಲ, ನಮಗೂ ತಿಳಿಸುವುದು ಮರೆತಿತ್ತು. ಗಜಾನನನ ಬೋಳಿಸಿದ ತಲೆಯನ್ನು ಅವನು ನೋಡಿಯೇ ಇರಬೇಕು. ಆದರೂ ಕೇಳಿದ.

“ಗಜಣ್ಣಾ, ಅಮ್ಮ ಎಲ್ಲ್ಯದಾರೋ?”

“ಇಲ್ಲೇ…” ಎಂದ ಗಜಾನನ, ತನ್ನ ರೂಢಿಯಂತೆ ಎಳೆದು.

ಮಲ್ಲಿಕಾರ್ಜುನನ ಹೆಜ್ಜೆ ಸಪ್ಪಳ ಬಾಗಿಲವರೆಗೆ ಬಂತು. ಒಳಗೆ ಇಣುಕಿದ. ಖಾಲಿ ಕಪಾಟಿನ ಮುಂದೆ ನಿಂತಿದ್ದ ನನ್ನನ್ನು ನೋಡಿದ, ಹೊಸ್ತಿಲು ದಾಟಲಿಲ್ಲ. ನಾನು ಹೊರಗೆ ಹೋದೆ.

“ಎಳದು ಅಂದ್ನಲ್ರೀ ಸರ್,” ಎಂದ.

“ಅವನು ಎಲ್ಲದನ್ನೂ ಎಳೆಯುತ್ತಾನೆ,” ಎಂದೆ.

ಅವನು ಟೋಪಿ ತೆಗೆದು ಮೆಟ್ಟಿಲ ಮೇಲೆ, ಗಜಾನನನ ಪಕ್ಕಕ್ಕೆ ಕೂತ. ಮೊಬೈಲು ಕೈಯಲ್ಲೇ ಇತ್ತು, ಅದನ್ನು ಜೇಬಿಗೆ ಹಾಕಿಕೊಂಡ.

“ಈ ಒಂದ್ ಸಲ ನಾ ಮೊದ್ಲ ತಿಳ್ಕೊಂಡಿದ್ದ ಅರ್ಥಾನೇ ಖರೇ ಆಗ್ಬೇಕಿತ್ತು ನೋಡ್ರಿ,” ಎಂದ.

ಗಜಾನನ ಅವನ ಮುಖವನ್ನು ನೋಡಿದ, ನನ್ನ ಮುಖವನ್ನು ನೋಡಿದ. ನಮಗೆ ಕೇಳಿಸಲಿಲ್ಲವೆಂದು ತಿಳಿದುಕೊಂಡು, ಮೊದಲಿಗಿಂತ ಸ್ವಲ್ಪ ಗಟ್ಟಿಯಾಗಿ, ಇನ್ನೂ ಸ್ವಲ್ಪ ಎಳೆದು, ಅದೇ ಮಾತನ್ನು ಇನ್ನೊಮ್ಮೆ ಹೇಳಿದ.